ಎಡಗೈ ಬಳಿದ ಗೋಡೆ

ಹೋಳೂರು
೧೪-೨-೧೯೭೯

ಲೇ ಗಂಗರತ್ನ,

ಕೈ ಬಿದ್ದುಹೋಗಿತ್ತೇನೇ ನಿನಗೆ? ದಿನವೆಲ್ಲ ಬಟ್ಟೆಯ ಮೇಲೆ ಬಣ್ಣ ಬಳಿಯುವ ಕೈಗೆ ಅಜ್ಜಿಗೆ ನಾಲ್ಕು ಸಾಲು ಬರೆಯಲು ಏಳು ತಿಂಗಳು ಬೇಕಾಯಿತೇ? ದೀಪಾವಳಿಗೆ ಕಾಗದ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ನಿನ್ನಪ್ಪ ಮಾತಾಡದಿದ್ದರೆ ನನ್ನ ಬಾಯಿಯೂ ಹೊಲಿದುಹೋಗಿದೆಯೇ? ಟಪಾಲು ಶ್ರೀನಿವಾಸಪ್ಪ ಸೈಕಲ್ ಬೆಲ್ ಹೊಡೆದಾಗಲೆಲ್ಲ ನಾನು ಒಲೆ ಬಿಟ್ಟು ಎದ್ದು ಬರುವುದು, ಅವನು "ನಿಮ್ದಲ್ಲ ಕಣಮ್ಮ, ಸೊಸೈಟಿಯವರ್ದು" ಎನ್ನುವುದು. ಈಗ ಅವನು ನಮ್ಮ ಬೀದಿಗೆ ಬಂದರೆ ಬೆಲ್ಲನ್ನೇ ಹೊಡೆಯುವುದಿಲ್ಲ, ಸೈಕಲ್ ಇಳಿದು ಸದ್ದಿಲ್ಲದೆ ತಳ್ಳಿಕೊಂಡು ಹೋಗುತ್ತಾನೆ.

ಕೊನೆಗೂ ಬರೆದೆ. ಅದೂ ಅಜ್ಜಿಯ ಮಂಡಿ ನೋವು ವಾಸಿಯಾಯಿತೇ ಎಂದು ಕೇಳಲಿಕ್ಕಲ್ಲ. ಬೆಂಗಳೂರಿನಲ್ಲಿ ನಿನ್ನ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುತ್ತಾರಂತೆ, ಜೊತೆಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತಾರಂತೆ, ಅದರಲ್ಲಿ ನಿನ್ನ ಹಿನ್ನೆಲೆ, ಬಳಸುವ ಬಣ್ಣ, ಬಳಿಯುವ ರೀತಿ ಎಲ್ಲ ಇರಬೇಕಂತೆ. "ನಿನಗೆ ನೆನಪಿರೋದನ್ನೆಲ್ಲ ಬರಿ ಅಜ್ಜಿ." ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳನ್ನು ಪುಸ್ತಕಕ್ಕೆ ಕೂರಿಸಿದ್ದೀಯ. ಸರಿ, ಬರೆದುಕೋ.

ಹುಟ್ಟಿದ್ದು ೧೯೫೨ರಲ್ಲಿ, ಈ ಮನೆಯಲ್ಲೇ. ಅಪ್ಪ ಆವಲಪ್ಪ, ನನ್ನ ಒಬ್ಬನೇ ಮಗ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವನು. ತಾಯಿ ಮುನಿಯಲ್ಲಮ್ಮ, ಮುಳಬಾಗಿಲು ಕಡೆಯವಳು, ಮನೆಮಾತು ತೆಲುಗು. ನಿನಗೆ ಐದು ತುಂಬುವಾಗ ಜ್ವರ ಬಂದು ಹೋದಳು. ಮತ್ತೆರಡು ವರ್ಷಕ್ಕೆ ಭಾರತಮ್ಮ ಈ ಮನೆಗೆ ಬಂದಳು. ಅವಳು ನಿನಗೆ ಅನ್ನ ಹಾಕುವುದರಲ್ಲಿ ಕಮ್ಮಿ ಮಾಡಲಿಲ್ಲ, ಅದನ್ನೂ ಬರೆ.

ನೀನು ನಿನ್ನಮ್ಮನ ಹಾಗೆ ಎಡಗೈಯವಳು. ಮೇಷ್ಟ್ರು ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದರು. ನಾನೂ ಮೇಷ್ಟ್ರ ಪಕ್ಷವೇ. ಆದರೆ ಇದ್ದಿಲು ಸಿಕ್ಕಿತೋ, ಅದು ತಾನಾಗಿ ಎಡಗೈಗೆ ಹೋಗುತ್ತಿತ್ತು. ಈಗಲೂ ಅಕ್ಷರಕ್ಕೆ ಬಲಗೈ, ಚಿತ್ರಕ್ಕೆ ಎಡಗೈ ಎಂದು ನೀನೇ ಬರೆದಿದ್ದೀಯ. ಕೋಲಾರದ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಸುಬ್ಬರಾಯಪ್ಪನವರು ಮನೆಗೇ ಬಂದು "ಈ ಹುಡುಗೀನ ಮದರಾಸಿಗೆ ಕಳಿಸಿ, ಚಿತ್ರ ಕಲೀಲಿ" ಎಂದಾಗ ನಿನ್ನಪ್ಪ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದ. ನಿನ್ನನ್ನು ನಿನ್ನ ಸೋದರಮಾವ ಕೋದಂಡರಾಮಪ್ಪನಿಗೆ ಕೊಡುವುದೆಂದು ಮಾತಾಗಿತ್ತು. ತಾಂಬೂಲ ಬದಲಾಯಿಸುವ ಹಿಂದಿನ ದಿನ ನೀನು ಮದರಾಸಿನ ಬಸ್ಸು ಹತ್ತಿದೆ. ಏಳು ವರ್ಷವಾಯಿತು. ನಿನ್ನಪ್ಪ ನಿನ್ನ ಹೆಸರೆತ್ತಿಲ್ಲ.

ಒಳಕೋಣೆಯ ಗೋಡೆ ಹಾಗೇ ಇದೆಯಾ ಎಂದು ಕೇಳಿದ್ದೀಯ. ಇದೆ. ಅದರ ಮೇಲೆ ಯಾರೂ ಬಳಿದಿಲ್ಲ, ಬಳಿಯಲು ನಾನು ಬಿಟ್ಟಿಲ್ಲ. ಅಮ್ಮ ಆ ಗೋಡೆಯನ್ನು ಹೇಗೆ ಬಳಿಯುತ್ತಿದ್ದಳು, ಪೂರ್ತಿ ಬರೆ ಎಂದಿದ್ದೀಯ. ಈ ಇನ್‌ಲ್ಯಾಂಡಿನಲ್ಲಿ ಅಷ್ಟು ಜಾಗವಿಲ್ಲ. ನನ್ನ ಎಡಗೈಯ ಸೊಟ್ಟ ಕಿರುಬೆರಳು ಕಾಗದವನ್ನು ಒತ್ತಿ ಹಿಡಿಯುವುದಿಲ್ಲ, ಮೂಲೆ ಹಾರುತ್ತದೆ. ಅದರ ಮೇಲೆ ಸೇರು ಇಟ್ಟುಕೊಂಡು ಇಷ್ಟು ಬರೆದದ್ದೇ ಹೆಚ್ಚು.

ಬೈದದ್ದು ಮುಗಿಯಿತು, ಈಗ ಆಶೀರ್ವಾದ.
ನಿನ್ನ ಅಜ್ಜಿ
ಕದಿರಮ್ಮ


ಹೋಳೂರು
೨೦-೪-೧೯೭೯

ರತ್ನಿ,

ನಾನು ಕಳಿಸಿದ ಕೆಮ್ಮಣ್ಣು ಬಟ್ಟೆಯ ಮೇಲೆ ನಿಲ್ಲುತ್ತಿಲ್ಲ, ಒಣಗಿದ ಮೇಲೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿದೆ ಎಂದು ಅಳುತ್ತಾ ಬರೆದಿದ್ದೀಯ. ಉದುರದೆ ಇನ್ನೇನು ಮಾಡುತ್ತದೆ? ಕೆರೆ ಏರಿಯ ಆಚೆ ದಿಣ್ಣೆಯಿಂದ ನಾನು ಮಂಡಿ ಹಿಡಿದುಕೊಂಡು ಅಗೆದು ತಂದು, ಬಿಸ್ಕತ್ತಿನ ಡಬ್ಬಿಗೆ ತುಂಬಿ, ಕೋಲಾರದವರೆಗೆ ಬಸ್ಸಿನಲ್ಲಿ ಹೋಗಿ ಪಾರ್ಸಲ್ ಮಾಡಿದ ಮಣ್ಣನ್ನು ನೀನು ಹಾಗೇ ನೀರಿಗೆ ಕಲಸಿ ಬಳಿದಿದ್ದೀಯ. ಅಷ್ಟು ವರ್ಷ ಕಲಿಸಿದವರು ಮಣ್ಣು ಕಲಸುವುದನ್ನು ಹೇಳಿಕೊಡಲಿಲ್ಲವೇ?

ಸರಿಯಾಗಿ ಕೇಳಿಸಿಕೋ. ಮಣ್ಣನ್ನು ಒಂದು ದಿನ ನೆನೆಹಾಕು. ಚೆನ್ನಾಗಿ ಕಲಕು. ಕಲಕಿದ ಮೇಲೆ ಒಂದು ಸಲ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿರು. ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಹಳೇ ಸೀರೆಯ ಬಟ್ಟೆಯಲ್ಲಿ ಇನ್ನೊಂದು ಪಾತ್ರೆಗೆ ಶೋಧಿಸು. ಹೀಗೆ ಮೂರು ಸಲ. ಅದನ್ನು ಮುಚ್ಚಿಟ್ಟರೆ ಬೆಳಗ್ಗೆಗೆ ನೀರು ಮೇಲೆ, ಮಣ್ಣು ಕೆಳಗೆ. ನೀರು ಬಗ್ಗಿಸಿದರೆ ಉಳಿಯುತ್ತದಲ್ಲ ಬೆಣ್ಣೆಯ ಹಾಗೆ, ಅದು ಬಳಿಯುವ ಮಣ್ಣು. ನಮ್ಮ ಗೋಡೆಗಾದರೆ ಅದಕ್ಕೆ ಸಗಣಿ ಹಾಕುತ್ತೇವೆ. ನಿನ್ನ ಬಟ್ಟೆಗೆ ಅಂಟು ಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಗಂಜಿಯ ಹಾಗೆ ಕುದಿಸು. ಕಂಬಳಿ ನೇಯುವವರು ನೂಲಿಗೆ ಹಾಕುವುದು ಅದನ್ನೇ, ಒಂದು ತಲೆಮಾರು ಹಿಡಿದುಕೊಂಡಿರುತ್ತದೆ. ಹುಳ ಹಿಡಿಯದಿರಲಿ ಎಂದು ಒಂದು ಚಿಟಿಕೆ ಮೈಲುತುತ್ತ ಹಾಕು, ಆಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡ. ತೆಳ್ಳಗೆ ಬಳಿ. ನೆರಳಲ್ಲಿ ಒಣಗಿಸು. ಬಿಸಿಲಿಗಿಟ್ಟರೆ ಬಿರಿಯುತ್ತದೆ. ನಿನಗೆ ಯಾವಾಗಲೂ ಅವಸರ.

ಕಪ್ಪಿಗೆ ಏನು ಹಾಕುತ್ತಿದ್ದಿರಿ ಎಂದು ಕೇಳಿದ್ದೀಯ. ಮುಗಿದುಹೋದ ಟಾರ್ಚ್ ಸೆಲ್ಲು ಒಡೆದರೆ ಒಳಗಿರುವ ಕಪ್ಪು ಪುಡಿ. ನೆಲ ಸಾರಿಸುವ ಸಗಣಿಗೆ ಅದನ್ನು ಬೆರೆಸಿದರೆ ನೆಲ ಮಿರಿಮಿರಿ ಮಿಂಚುತ್ತಿತ್ತು. ಭಾರತಮ್ಮ ಆರು ಸೆಲ್ಲು ಒಡೆದು ಪೊಟ್ಟಣ ಕಟ್ಟಿದ್ದಾಳೆ, ಕಳಿಸುತ್ತೇನೆ. ಅಂಗಡಿಯ ಕೊಳವೆ ಬಣ್ಣ ನಿನ್ನ ಕೈಗೆ ಒಗ್ಗುವುದಿಲ್ಲ ಎಂದು ಬರೆದದ್ದು ಓದಿ ಅವಳು "ಒಳ್ಳೇದೇ ಆಯ್ತು ಬಿಡಿ ಅತ್ತೆ, ಮಣ್ಣಿಗೆ ಬರ ಇಲ್ಲ" ಎಂದಳು.

ಒಂದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಕೆಂಪು ಬಳಿದು ಒಣಗಿಸಿ, ಬಿಳಿ ಬಳಿದು ಒಣಗಿಸಿ, ಮತ್ತೆ ಕೆಂಪು, ಮತ್ತೆ ಕಪ್ಪು, ಹೀಗೆ ಏಳು ಸಲ ಬಳಿದು, ಆಮೇಲೆ ದೋಸೆ ಮೊಗಚುವ ಕೈಯಂಥ ಪುಟ್ಟ ಚಾಕು ಹಿಡಿದು ಕೆರೆಯುತ್ತೀಯಂತೆ. ಕೆರೆಯುವುದಾದರೆ ಬಳಿಯಲು ಯಾರು ಹೇಳಿದರು? ನನ್ನ ಕೈಗೆ ಸಿಕ್ಕಿದ್ದರೆ ಆ ಚಾಕನ್ನು ಕಿತ್ತುಕೊಂಡು ನಿನಗೆ ಸೊಪ್ಪು ಹೆಚ್ಚುವ ಕೆಲಸ ಕೊಡುತ್ತಿದ್ದೆ.

ಗೋಡೆಯ ವಿಷಯ ಮತ್ತೆ ಕೇಳಿದ್ದೀಯ. ಈಗ ಹುಳು ಮನೆಯಲ್ಲಿ ಕೆಲಸ ಜಾಸ್ತಿ. ಪುರುಸೊತ್ತಾದಾಗ ನೋಡೋಣ.

ಮಣ್ಣು ಉದುರಿದರೆ ಮತ್ತೆ ಬರೆ, ಉದುರದಿದ್ದರೂ ಬರೆ.
ಅಜ್ಜಿ, ಕದಿರಮ್ಮ


ಹೋಳೂರು
೮-೭-೧೯೭೯

ಚಿತ್ರ ಬಂತು. ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ನೀನು ಕುಣಿಯುವುದಿದ್ದರೆ ಕುಣಿ.

ನಾನು ಹಿಪ್ಪುನೇರಳೆ ತೋಟದಲ್ಲಿದ್ದೆ. ಶ್ರೀನಿವಾಸಪ್ಪ ಉದ್ದನೆ ಸುರುಳಿಯನ್ನು ಭಾರತಮ್ಮನ ಕೈಗೆ ಕೊಟ್ಟು ಹೋಗಿದ್ದಾನೆ. ಅವಳು ಬಿಚ್ಚಿ ನೋಡಿದರೆ ದಪ್ಪ ಬಟ್ಟೆ, ಮೇಲೆ ಸಗಣಿ ಬಣ್ಣ, ಹುಣಸೆ ಅಂಟಿನ ವಾಸನೆ. ಹುಳುವಿನ ತಟ್ಟೆಗೆ ನಾವು ಸಗಣಿ ಬಳಿದು ಒಣಗಿಸುತ್ತೇವಲ್ಲ, ಅದೂ ನಿನಗೆ ಮರೆತಿದ್ದರೆ ಹೇಳುತ್ತಿದ್ದೇನೆ. ಅವಳು ತಿಳಿದದ್ದು, ತಟ್ಟೆಗೆ ಹಾಸಲೆಂದೇ ರತ್ನ ಹೊಸ ಥರದ ಬಟ್ಟೆ ಮಾಡಿ ಕಳಿಸಿದ್ದಾಳೆ ಎಂದು. ದೊಡ್ಡ ತಟ್ಟೆಗೆ ಅಳತೆಗೆ ಸರಿಯಾಗಿ ಕೂತಿತಂತೆ. ಅದರ ಮೇಲೆ ಎರಡನೇ ಜ್ವರ ಎದ್ದು ಪೊರೆ ಬಿಟ್ಟ ಹುಳುಗಳನ್ನು ಬಿಟ್ಟು, ಸೊಪ್ಪು ಉದುರಿಸಿಬಿಟ್ಟಳು.

ನಾನು ಬಂದು ನೋಡಿದಾಗ ನಿನ್ನ ಚಿತ್ರದ ಮೇಲೆ ಐನೂರು ಹುಳು ಕರಕರ ಮೇಯುತ್ತಿವೆ. ಭಾರತಮ್ಮನನ್ನು ಎಷ್ಟು ಬೈದೆನೆಂದರೆ ಪಕ್ಕದ ಮನೆಯ ಶ್ಯಾಮಲಮ್ಮ ಗೋಡೆಯಾಚೆಯಿಂದ "ಯಾರು ಹೋದ್ರು?" ಎಂದು ಕೇಳಿದಳು. ಭಾರತಮ್ಮ ಅಳುತ್ತಾ, "ಹುಳು ಒಂದೂ ಕೆಳಗಿಳೀಲಿಲ್ಲ ಅತ್ತೆ, ಅವಕ್ಕೆ ಹಿಡಿಸಿದೆ" ಎಂದಳು. ನಿನ್ನ ಪ್ರದರ್ಶನದಲ್ಲಿ ಇಷ್ಟು ಚೆನ್ನಾಗಿ ಯಾರು ಹೊಗಳುತ್ತಾರೋ ನೋಡುತ್ತೇನೆ.

ಹುಳುಗಳನ್ನು ಆರಿಸಿ, ಹಿಕ್ಕೆ ಕೊಡವಿ, ಪಡಸಾಲೆಯ ಗೋಡೆಗೆ ಒರಗಿಸಿದೆ. ನಿನ್ನಪ್ಪ ಬಂದ. ನೋಡಿದ. ಯಾರು ಕಳಿಸಿದ್ದು ಎಂದು ಕೇಳಲಿಲ್ಲ.

"ಯಾವ ದೇವ್ರಮ್ಮ ಇದು?"

"ದೇವರಲ್ಲ ಕಣೋ."

"ಮತ್ತೆ? ಮರಾನಾ?"

"ಮರವೂ ಅಲ್ಲ. ಏನೂ ಅಲ್ಲದ ಚಿತ್ರವಂತೆ. ಅಮೂರ್ತ ಅಂತಾರಂತೆ."

ಅವನು ಕೈಕಾಲು ತೊಳೆಯಲು ಹೋದ. ಒದ್ದೆ ಕಾಲಲ್ಲೇ ವಾಪಸು ಬಂದು ನಿಂತುಕೊಂಡ. "ಏನೂ ಅಲ್ದೆ ಏನು? ಇದು ನಮ್ಮ ಒಳಕೋಣೆ ಗೋಡೆ. ಮುನಿಯಲ್ಲಿ ಗೋಡೆ" ಎಂದ. ನಿನ್ನಮ್ಮ ಮುನಿಯಲ್ಲಮ್ಮನನ್ನು ನಾವು ಕರೆಯುತ್ತಿದ್ದದ್ದು ಮುನಿಯಲ್ಲಿ ಎಂದೇ.

ಆಗ ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ ಕಣೇ. ಅರ್ಧಚಂದ್ರದ ಗೆರೆಗಳು, ಒಂದರ ಹೆಗಲ ಮೇಲೆ ಒಂದು, ಎಲ್ಲ ಎಡಕ್ಕೆ ಬಾಗಿ ಇಳಿದಿವೆ. ನಾಲ್ಕು ಬೆರಳಿನ ಗೆರೆ ಒಟ್ಟಿಗೆ. ಅವುಗಳಿಂದ ಒಂದು ಅಂಗುಲ ದೂರದಲ್ಲಿ, ಮುನಿಸಿಕೊಂಡು ಬೇರೆ ನಿಂತ ಹಾಗೆ ಇನ್ನೊಂದು ತೆಳ್ಳನೆ ಗೆರೆ. ಪ್ರತಿ ಸಾಲಿನಲ್ಲೂ ಇದೆ ಆ ಗೆರೆ.

ಒಲೆಯ ಮೇಲೆ ಏನೋ ಸೀಯುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಕದಿರಮ್ಮ


ಹೋಳೂರು
೨-೯-೧೯೭೯

ರತ್ನಿ,

ಪುಸ್ತಕಕ್ಕೆಂದು ನೀನು ಬರೆದದ್ದನ್ನು ಓದಿದೆ. ಎರಡು ಸಲ ಓದಿದೆ. "ನನಗೆ ಮೊದಲು ಚಿತ್ರ ಕಲಿಸಿದ್ದು ನನ್ನ ತಾಯಿಯ ಎಡಗೈ. ಆಕೆ ಕೊನೆಯದಾಗಿ ಬಳಿದ ಗೋಡೆಯ ಕೆಳಗೆ ನಾನು ಹದಿನೈದು ವರ್ಷ ಮಲಗಿದೆ. ನನ್ನ ಎಲ್ಲ ಚಿತ್ರಗಳಲ್ಲೂ ಒಂಟಿಯಾಗಿ ನಿಲ್ಲುವ ತೆಳುಗೆರೆ ಆಕೆಯ ಕಿರುಬೆರಳು."

ಗೋಡೆಯ ಫೋಟೋ ತೆಗೆಯುವವನನ್ನು ಕಳಿಸುತ್ತೇನೆ ಎಂದಿದ್ದೀಯ, ಕಳಿಸಬೇಡ. ಬಂದರೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸುತ್ತೇನೆ. ಈ ಬರಹವನ್ನು ಅಚ್ಚಿಗೆ ಕೊಡಬೇಡ. ಸ್ವಲ್ಪ ದಿನ ತಡೆ ಎಂದು ಹೇಳು ಅವರಿಗೆ. ಯಾಕೆ ಎಂದು ಈಗ ಕೇಳಬೇಡ.

ಹುಣಸೆ ಬೀಜ ಕಳಿಸಿದ್ದೇನೆ. ಹುರಿದೇ ಇದೆ.

ಅಜ್ಜಿ


ಹೋಳೂರು
೨೮-೧೦-೧೯೭೯

ರತ್ನ,

ಈ ಸಲ ಇನ್‌ಲ್ಯಾಂಡ್ ಅಲ್ಲ, ಹಾಳೆ ತರಿಸಿ ಕೂತಿದ್ದೇನೆ. ಜಾಗವಿಲ್ಲ ಎನ್ನುವ ನೆವ ಇನ್ನು ನನಗಿಲ್ಲ.

ಆ ಗೋಡೆ ನಿನ್ನಮ್ಮ ಬಳಿದದ್ದಲ್ಲ. ನಾನು ಬಳಿದದ್ದು.

ಇಷ್ಟು ಬರೆದು ಎದ್ದು ಹೋಗಿ ಹಸುವಿಗೆ ನೀರಿಟ್ಟು ಬಂದೆ. ಈಗ ಮೊದಲಿನಿಂದ ಹೇಳುತ್ತೇನೆ.

ಮುನಿಯಲ್ಲಿ ಈ ಮನೆಗೆ ಬಂದ ಮೊದಲ ಯುಗಾದಿಗೆ ಒಳಕೋಣೆ ಬಳಿಯಲು ಹೇಳಿದೆ. ಆಗ ಅದೇ ನಮ್ಮ ಹುಳು ಮನೆ. ಮಧ್ಯಾಹ್ನ ಹೋಗಿ ನೋಡಿದರೆ ಗೋಡೆ ತುಂಬ ಅರ್ಧಚಂದ್ರ. ಬಲಗೈಯವರು ಬಳಿದರೆ ಗೆರೆ ಬಲಕ್ಕೆ ಇಳಿಯುತ್ತದೆ, ಇವು ಎಲ್ಲ ಎಡಕ್ಕೆ. ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಇವತ್ತು ಬರೆಯುತ್ತಿದ್ದೇನೆ, ಅವತ್ತು ಹೇಳಲಿಲ್ಲ. "ಏನೇ, ತೊಳ್ಕೊಳ್ಳೋ ಕೈಲಿ ಲಕ್ಷ್ಮಿ ಇರೋ ಗೋಡೆ ಬಳೀತೀಯಾ? ನಿಮ್ಮ ಮನೇಲಿ ಇದನ್ನೇ ಕಲಿಸಿದ್ದಾ?" ಎಂದೆ. ಅವಳು ನಕ್ಕಳು. "ಏ ಚೆಯ್ಯಯಿನಾ ಚೆಯ್ಯೇ ಕದಾ ಅತ್ತಾ" ಎಂದಳು, ಯಾವ ಕೈಯಾದರೂ ಕೈಯೇ ಅಲ್ಲವೇ ಎಂದು. ನಾನು ಒಂದು ಕೊಡ ನೀರು ತಂದು ಗೋಡೆಗೆ ಎರಚಿ, ಬಲಗೈಯಲ್ಲಿ ಮತ್ತೆ ಬಳಿಸಿದೆ. ಮುಂದಿನ ವರ್ಷ ಅವಳೇ ಬಲಗೈಯಲ್ಲಿ ಬಳಿದಳು. ನಗಲಿಲ್ಲ.

ಐವತ್ತೇಳರ ಕಾರ್ತಿಕದಲ್ಲಿ ಜಡಿಮಳೆ ಹಿಡಿದುಕೊಂಡಿತ್ತು. ಹುಳು ಕೊನೆಯ ಮೇವಿನಲ್ಲಿದ್ದವು, ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಅವಳಿಗೆ ಜ್ವರ. ಹುಳು ಹಣ್ಣಾಗಲಿ, ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟ ಮೇಲೆ ಕೋಲಾರದ ಆಸ್ಪತ್ರೆಗೆ ಹೋದರಾಯಿತು ಎಂಬ ಮಾತು ಈ ಮನೆಯಲ್ಲಿ ಬಂತು. ಆ ಮಾತು ಯಾರ ಬಾಯಿಂದ ಬಂತು ಎಂದು ನೀನು ಇದುವರೆಗೆ ಕೇಳಿಲ್ಲ. ನಾನೂ ಬರೆಯುವುದಿಲ್ಲ.

ಅವಳು ಹೋದ ಮೂರನೇ ದಿನ ಹುಳುವಿಗೆ ಸುಣ್ಣಕಟ್ಟು ಬಿತ್ತು. ಹುಳು ಬೆಳ್ಳಗಾಗಿ, ಸೀಮೆಸುಣ್ಣದ ತುಂಡಿನ ಹಾಗೆ ಬಿಗಿದುಕೊಂಡು ಸಾಯುವ ರೋಗ. ಕೋಣೆಗೆಲ್ಲ ಸುಣ್ಣ ಹೊಡೆಯಿರಿ ಎಂದರು. ಹೊಡೆದೆ. ರೋಗಕ್ಕೆ ಒಂದು ಸಲ ಹೊಡೆದರೆ ಸಾಕಿತ್ತು. ನಾನು ಅವಳು ಬಳಿದ ಗೋಡೆಗೆ ಮೂರು ಸಲ ಹೊಡೆದೆ. ಆ ಗೋಡೆ ನನ್ನನ್ನೇ ನೋಡುತ್ತಿತ್ತು.

ಆಮೇಲೆ ನೀನು. ಬಿಳಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟೆ. ಅನ್ನ ಬೇಡ, ಹಾಲು ಬೇಡ. ಐದು ವರ್ಷದವಳು ಉಗುರಲ್ಲಿ ಸುಣ್ಣ ಕೆರೆಯುತ್ತಿದ್ದೆ. ಹಸಿ ಸುಣ್ಣ ಬೆರಳ ತುದಿಯನ್ನೆಲ್ಲ ಸುಟ್ಟಿತ್ತು. ಎತ್ತಿಕೊಂಡು ಹೋಗಿ ಬೆಣ್ಣೆ ಸವರಿದರೆ, ಬಿಟ್ಟ ತಕ್ಷಣ ಮತ್ತೆ ಅಲ್ಲೇ. "ಅಮ್ಮಂದು ಎಲ್ಲಿ" ಎನ್ನುತ್ತಿದ್ದೆ. ಅಮ್ಮ ಎಲ್ಲಿ ಎಂದಲ್ಲ, ಅಮ್ಮಂದು ಎಲ್ಲಿ ಎಂದು. ಹೋದವಳು ಬರುವುದಿಲ್ಲವೆಂದು ನಿನಗೆ ಗೊತ್ತಿತ್ತು. ಅವಳದ್ದು ಎಂದು ಏನೋ ಇತ್ತಲ್ಲ, ಅದನ್ನು ನೀನು ಕೇಳುತ್ತಿದ್ದೆ.

ಮುಳಬಾಗಿಲಿನ ತಾತ ಬಂದು ನಿನ್ನನ್ನು ಎರಡು ದಿನಕ್ಕೆ ಕರೆದುಕೊಂಡು ಹೋದರು. ಆವಲಪ್ಪ ಬಿಡಲು ಜೊತೆಗೆ ಹೋದ. ಮನೆಯಲ್ಲಿ ನಾನೊಬ್ಬಳೇ. ಕೆಮ್ಮಣ್ಣು ಶೋಧಿಸಿದೆ, ಸಗಣಿ ಕಲಸಿದೆ, ಬಲಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಬಳಿದೆ. ಅಭ್ಯಾಸವಿಲ್ಲದ ಕೈ ಕಣೇ, ಹೆಗಲು ಕಿತ್ತು ಬಂದ ಹಾಗಾಯಿತು. ನಾನು ಬಳಿದದ್ದು ಅವಳ ಕೊನೆಯ ಗೋಡೆಯನ್ನಲ್ಲ. ನಾನು ನೀರು ಎರಚಿ ಅಳಿಸಿದ್ದೆನಲ್ಲ, ಆ ಮೊದಲನೇ ಗೋಡೆಯನ್ನು.

ನೀನು ವಾಪಸು ಬಂದು ನೋಡಿದೆ. "ಸುಣ್ಣ ಹೋಯ್ತಾ ಅಜ್ಜಿ? ಅಮ್ಮಂದು ಬಂತಾ?" ಎಂದೆ. "ಹೂಂ, ಸುಣ್ಣ ತೊಳೆದೆ, ಕೆಳಗೇ ಇತ್ತು" ಎಂದೆ. ನೀನು ಎಡಗೈಯನ್ನು ಗೆರೆಯ ಮೇಲೆ ಇಟ್ಟು ನೋಡಿ, ಅಲ್ಲೇ ಕೂತು ಒಂದು ಬಟ್ಟಲು ಹಾಲನ್ನ ತಿಂದೆ. ಆಮೇಲೆ ನಿಜ ಹೇಳುವುದಕ್ಕೆ ನನಗೆ ದಿನವೇ ಸಿಗಲಿಲ್ಲ. ಇಪ್ಪತ್ತೆರಡು ವರ್ಷ.

ಆ ಬೇರೆ ನಿಂತ ಗೆರೆ ನನ್ನ ಸೊಟ್ಟ ಕಿರುಬೆರಳಿನದು. ನನಗೆ ಒಂಬತ್ತು ವರ್ಷವಾಗಿದ್ದಾಗ ರಾಗಿಕಲ್ಲಿನ ಕೆಳಗೆ ಸಿಕ್ಕಿ ಮುರಿದದ್ದು. ಮುನಿಯಲ್ಲಿಯ ಬೆರಳುಗಳೆಲ್ಲ ನೆಟ್ಟಗಿದ್ದವು. ಹುಳುವಿನ ಹಿಕ್ಕೆ ಕೊಡವಿ ನಿನ್ನ ಚಿತ್ರ ನೋಡಿದಾಗ ನನ್ನ ಮುರಿದ ಬೆರಳು ಅದರಲ್ಲಿ ಕೂತಿತ್ತು. ಅದನ್ನು ನೀನು ನಿನ್ನಮ್ಮ ಎಂದುಕೊಂಡು ಊರೂರಿಗೆ ತೋರಿಸುತ್ತಿದ್ದೀಯ. ಅಚ್ಚು ಹಾಕಿಸಲು ಹೊರಟಿದ್ದೀಯ. ಅವಳ ಕೈಯನ್ನು ಒಂದು ಸಲ ಅಳಿಸಿದವಳು ನಾನು. ಈಗ ಅವಳ ಜಾಗದಲ್ಲಿ ನನ್ನ ಕೈ ನಿಲ್ಲುವುದು ನನಗೆ ಬೇಡ.

ಬೈಯುವುದಿದ್ದರೆ ಬೈದು ಬರೆ. ನಾನು ಬೈದಷ್ಟಾದರೂ ಬೈ.

ಕದಿರಮ್ಮ


ಹೋಳೂರು
೨೦-೧-೧೯೮೦

ರತ್ನ,

ಮೂರು ತಿಂಗಳಾಗುತ್ತಾ ಬಂತು. ಶ್ರೀನಿವಾಸಪ್ಪ ಮತ್ತೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾನೆ. ಈ ಸಲ ನಾನು ಅವನನ್ನು ಏನೂ ಅನ್ನುತ್ತಿಲ್ಲ, ನಿನ್ನನ್ನೂ ಅನ್ನುತ್ತಿಲ್ಲ.

ಒಂದು ಹೇಳಬೇಕು. ನಿನ್ನಪ್ಪ ಬೆಳಗ್ಗೆ ತೋಟಕ್ಕೆ ಹೋಗುವ ಮೊದಲು ಒಳಕೋಣೆಗೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ಬರುತ್ತಾನೆ. ನಿನಗೆ ಗೊತ್ತಿಲ್ಲ, ಭಾರತಮ್ಮನಿಗೆ ಗೊತ್ತು, ಅವಳು ಆಗ ಹಿತ್ತಲಿಗೆ ಹೋಗಿಬಿಡುತ್ತಾಳೆ. ಮೊನ್ನೆ ಸಂಕ್ರಾಂತಿಯ ದಿನ ನಾನು ಬಾಗಿಲಲ್ಲಿ ನಿಂತು, "ಅದು ಅವಳ ಕೈಯಲ್ಲ ಕಣೋ ಆವಲಪ್ಪ, ನನ್ನದು" ಎಂದೆ.

ಅವನು ಕೈ ತೆಗೆಯಲಿಲ್ಲ. "ಗೊತ್ತಮ್ಮ" ಎಂದ.

"ಏನ್ಲಾ ಗೊತ್ತು?"

"ಮುಳಬಾಗಿಲಿಂದ ಬಂದ ದಿನ ನೀನು ಅನ್ನ ಬಡಿಸ್ದೆ. ನಿನ್ನ ಎಡಗೈ ಉಗುರಲ್ಲಿ ಕೆಮ್ಮಣ್ಣಿತ್ತು. ಬಲಗೈ ಉಗುರಲ್ಲಿ ಇರ್ಲಿಲ್ಲ."

ಇಪ್ಪತ್ತೆರಡು ವರ್ಷ ಗೊತ್ತಿದ್ದೂ ಅಂಗೈ ಇಟ್ಟಿದ್ದಾನೆ. ಯಾಕೋ ಎಂದು ಕೇಳಿದೆ. "ಅವಳದ್ದು ಇದ್ರ ಕೆಳಗೆ ತಾನೇ ಇರೋದು" ಎಂದು, ಟವೆಲ್ ಕೊಡವಿಕೊಂಡು ತೋಟಕ್ಕೆ ಹೋದ.

ನಿನ್ನ ಚಿತ್ರವನ್ನು ಪಡಸಾಲೆಯಲ್ಲಿ ಮೊಳೆ ಹೊಡೆದು ಹಾಕಿದವನು ಅವನೇ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಅಜ್ಜಿ


ಹೋಳೂರು
೯-೩-೧೯೮೦

ರತ್ನಿ,

ಬೆಲ್ ಹೊಡೆದ ಕಣೇ ಶ್ರೀನಿವಾಸಪ್ಪ. ಬೀದಿ ತುದಿಯಿಂದಲೇ ಹೊಡೆದುಕೊಂಡು ಬಂದ.

ನಾಲ್ಕು ತಿಂಗಳು ಕಾಯಿಸಿ ಎರಡು ಸಾಲು ಬರೆದಿದ್ದೀಯ. ಒಂದು, ಪುಸ್ತಕದವರಿಗೆ ಏಪ್ರಿಲ್ ಕೊನೆಯವರೆಗೆ ತಡೆಯಲು ಹೇಳಿದ್ದೇನೆ ಎಂದು. ಇನ್ನೊಂದು, "ಅಮ್ಮನ ಗೆರೆ ಹೇಗಿತ್ತು ಅಜ್ಜಿ?"

ಬೈಯುತ್ತೀಯ ಎಂದುಕೊಂಡಿದ್ದೆ. ಬೈಗುಳವಾಗಿದ್ದರೆ ಉತ್ತರ ನನ್ನ ಬಾಯಲ್ಲೇ ಇರುತ್ತಿತ್ತು. ಇದಕ್ಕೆ ಎರಡು ದಿನ ಕೂತು ನೆನಪು ಮಾಡಿಕೊಂಡೆ. ಮೊದಲ ಯುಗಾದಿಯ ಗೋಡೆ ನೆನಪಿದೆ. ಆಮೇಲಿನ ಏಳು ವರ್ಷದ್ದು ನೆನಪಿಲ್ಲ. ಬಲಗೈಯಲ್ಲಿ ಬಳಿದಳು ಎನ್ನುವುದೊಂದು ಸಾಕಾಗಿತ್ತು ನನಗೆ. ಹೇಗೆ ಬಳಿದಳು ಎಂದು ನೋಡಲೇ ಇಲ್ಲ.

ಅದಕ್ಕೆ ಮೊನ್ನೆ ಮಧ್ಯಾಹ್ನ ಕೆರೆದೆ. ಹೌದು, ನಾನೇ. ಭಾರತಮ್ಮನ ದೋಸೆ ಮೊಗಚುವ ಕೈ ತೆಗೆದುಕೊಂಡು. ಆವಲಪ್ಪ ಕಿಟಕಿ ಬಾಗಿಲು ಪೂರ್ತಿ ತೆಗೆದು ಬೆಳಕು ಮಾಡಿ, ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ಮೊದಲು ನನ್ನ ಗೆರೆ ಉದುರಿತು. ಒಂದು ಗೇಣು ಅಗಲ, ಕಿರುಬೆರಳ ಗೆರೆಯೂ ಸೇರಿ. ಅದರ ಕೆಳಗೆ ಸುಣ್ಣ. ಮೂರು ಪದರ ಎಂದಿದ್ದೆನಲ್ಲ, ಎಣಿಸಿದೆ, ಮೂರೇ. ಬೆಳ್ಳಗಿನ ಪುಡಿ ಆವಲಪ್ಪನ ಮೀಸೆಯ ಮೇಲೆಲ್ಲ ಕೂತಿತು. ಆಮೇಲೆ ಕೆಂಪು.

ಅವಳ ಗೆರೆ ಸಿಕ್ಕಿತು ರತ್ನಿ. ನಿನಗೆ ಸುಳ್ಳು ಹೇಳಿ ಸಾಕಾಗಿದೆ, ಇದ್ದದ್ದನ್ನು ಬರೆಯುತ್ತೇನೆ. ಬಲಕ್ಕೆ ಇಳಿದ ಗೆರೆ. ಅರ್ಧಚಂದ್ರವೂ ಅಲ್ಲ, ಅರ್ಧಕ್ಕೆ ನಿಂತು, ಅದುರಿ, ಮತ್ತೆ ಶುರುವಾದ ಗೆರೆ. ಒಂದು ಕಡೆ ಒತ್ತು ಜಾಸ್ತಿ, ಒಂದು ಕಡೆ ಮಣ್ಣೇ ಹತ್ತಿಲ್ಲ. ಅಕ್ಷರ ಕಲಿಯುವ ಮಕ್ಕಳು ಸ್ಲೇಟಿನ ಮೇಲೆ ತಿದ್ದಿದ ಹಾಗಿದೆ. ಏಳು ವರ್ಷ ಬಳಿದರೂ ಆ ಕೈ ಪಳಗಿರಲಿಲ್ಲ. ನಾನು ಪಳಗಿತು ಎಂದುಕೊಂಡಿದ್ದೆ. ಆವಲಪ್ಪ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದ.

ಸಾಕು, ಮುಚ್ಚಿಬಿಡೋಣ ಎಂದು ನಾನು ಎದ್ದೆ. ಅವನು "ಇರಮ್ಮ" ಎಂದು, ಮೂಲೆಯಲ್ಲಿದ್ದ ರಾಗಿ ತುಂಬಿಡುವ ವಾಡೆಯನ್ನು ಭುಜ ಕೊಟ್ಟು ಪಕ್ಕಕ್ಕೆ ಸರಿಸಿದ. ನನಗಿಂತ ಎತ್ತರದ ಮಣ್ಣಿನ ವಾಡೆ, ಅದರ ಹಿಂದಿನ ಗೋಡೆಯನ್ನು ಯಾರು ನೋಡುತ್ತಾರೆ? ಸುಣ್ಣ ಹೊಡೆಯುವಾಗಲೂ ಅಲ್ಲಿಗೆ ನನ್ನ ಕೈ ಅಷ್ಟಕ್ಕಷ್ಟೇ ಹೋಗಿತ್ತು, ಒಂದು ಪದರವೂ ಸರಿಯಾಗಿರಲಿಲ್ಲ. ಮಂಡಿಯ ಎತ್ತರಕ್ಕೆ, ಒಂದು ಗೇಣಗಲ ಕೆರೆದೆ.

ಎಡಕ್ಕೆ ಇಳಿದ ಗೆರೆ. ಒಂದೇ ಎಳೆತ. ಎಲ್ಲೂ ನಿಂತಿಲ್ಲ, ಎಲ್ಲೂ ಅದುರಿಲ್ಲ. ಐದು ಬೆರಳೂ ನೆಟ್ಟಗೆ.

ಅತ್ತೆಯ ಕಣ್ಣು ತಲುಪದ ಜಾಗ ಹುಡುಕಿ ಬಳಿದಿದ್ದಾಳೆ ಕಣೇ. ನೀನು ಆಗ ಅಲ್ಲಿ ಓಡಾಡುತ್ತಿದ್ದ ಮಗು, ವಾಡೆಯ ಸಂದಿಯಲ್ಲಿ ನುಗ್ಗಿ ಕೂರುತ್ತಿದ್ದೆ, ಎಷ್ಟು ಸಲ ಎಳೆದು ಹಾಕಿದ್ದೇನೆ. ನೀನು ಅದನ್ನು ನೋಡಿರಬಹುದು. ನೋಡಿದ್ದೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಇನ್ನು ಮುಂದೆ ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಕೆಳಗೆ ಏನಿದೆ ಎಂದು ನಿನಗೂ ಮರೆತಿರುತ್ತದೆ, ಕೆರೆದಾಗ ಸಿಗುತ್ತದೆ ಎಂದು ನಿನ್ನ ಕೆಲಸದ ಬಗ್ಗೆ ನೀನೇ ಹಿಂದೊಮ್ಮೆ ಬರೆದಿದ್ದೆ. ಅವತ್ತು ನಿನ್ನನ್ನು ಹುಚ್ಚಿ ಎಂದುಕೊಂಡೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ವಾಡೆಯ ಹಿಂದೆ ಇನ್ನೂ ಒಂದು ಆಳಿನಷ್ಟು ಎತ್ತರಕ್ಕೆ ಸುಣ್ಣವಿದೆ. ಅದನ್ನು ಮುಟ್ಟಲು ಭಾರತಮ್ಮನನ್ನೂ ಬಿಟ್ಟಿಲ್ಲ, ಆವಲಪ್ಪನನ್ನೂ ಬಿಟ್ಟಿಲ್ಲ, ನಾನೂ ಮುಟ್ಟುವುದಿಲ್ಲ. ನನ್ನ ಕೈ ಅವಳ ಮೇಲೆ ಬಿದ್ದದ್ದು ಸಾಕು. ನಿನ್ನ ಚಾಕು ತೆಗೆದುಕೊಂಡು ಬಂದು ನೀನೇ ಕೆರೆದುಕೋ. ಆಮೇಲೆ ಪುಸ್ತಕಕ್ಕೆ ಏನು ಬರೆಯಬೇಕೋ ಬರೆ. ನನ್ನ ಹೆಸರು ಹಾಕುವುದಾದರೆ ನೀರು ಎರಚಿದ್ದನ್ನೂ ಹಾಕು, ಬರೀ ಬಳಿದದ್ದನ್ನು ಹಾಕಬೇಡ.

ನಿನ್ನಪ್ಪ ಈಗ ಬಂದು ಪಕ್ಕದಲ್ಲಿ ಕೂತಿದ್ದಾನೆ. ಏನಾದರೂ ಬರೆಯಲೇನೋ ಎಂದರೆ ತಲೆ ಅಲ್ಲಾಡಿಸುತ್ತಾನೆ. ಮದರಾಸಿನ ಬಸ್ಸು ಕೋಲಾರಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಾತ್ರ ಕೇಳಿದ. ನನಗೇನು ಗೊತ್ತು? ನೀನೇ ಬರೆದು ತಿಳಿಸು.

ನಿನ್ನ ಅಜ್ಜಿ
ಕದಿರಮ್ಮ

ಏಪ್ರಿಲ್ ಹುಟ್ಟುವ ಮೊದಲು ಉತ್ತರ ಬಂದಿರಬೇಕು. ಅಕ್ಷರ ಸೊಟ್ಟಗಾದರೂ ಓದಿಕೊಳ್ಳುತ್ತೇನೆ, ಎಡಗೈಯಲ್ಲಿ ಬರೆ.